ಕಡ್ಡಿ ಕೂತ ಜಾಗ

ಕಾಡು ಉಳಿಸುವವರಿಗೆ ಸೆಕೆ ತಡೆಯುವುದಿಲ್ಲ. ಟ್ರಸ್ಟಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲೇ ನಾನು ಇದನ್ನು ಕಲಿತೆ. ಸಭಾಂಗಣದ ಎ.ಸಿ. ಸ್ವಲ್ಪ ಕೈಕೊಟ್ಟರೂ ಸಾಕು, ದಾನಿಗಳು ಆಮಂತ್ರಣ ಪತ್ರದಿಂದ ಗಾಳಿ ಬೀಸಿಕೊಳ್ಳುತ್ತಾ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಆ ಪತ್ರದ ಮೇಲೆ ಒಂದು ಮರದ ಚಿತ್ರ, ಕೆಳಗೆ ‘ಉಸಿರಿಗಾಗಿ ಒಂದಾಗೋಣ’ ಎಂಬ ಘೋಷಣೆ. ಘೋಷಣೆ ಬರೆದವಳು ನಾನೇ. ಅಂಥವನ್ನು ಬರೆಯುವುದಕ್ಕೇ ನನಗೆ ಸಂಬಳ. ಸಮಾರಂಭ ನಡೆಸುವುದು, ಮೈಕು ಹಿಡಿಯುವುದು, ಯಾರ ಪಕ್ಕ ಯಾರು ಕೂರಬಾರದು ಎಂದು ನೋಡಿಕೊಳ್ಳುವುದು ಅದರ ಜೊತೆಗೆ ಬಂದ ಕರ್ಮ.

ನಮ್ಮ ಟ್ರಸ್ಟು ಕಳ್ಳಮರ ಸಾಗಾಟದ ವಿರುದ್ಧ ಹೋರಾಡುತ್ತದೆ. ಹೋರಾಡುತ್ತದೆ ಅಂದರೆ, ಒಳ್ಳೆಯ ಊಟ ಹಾಕಿಸಿ ಅದರ ಬಗ್ಗೆ ಮಾತಾಡುತ್ತದೆ. ನಡಿಗೆ ಮಾಡುತ್ತದೆ, ಟೋಪಿ ಹಂಚುತ್ತದೆ, ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತದೆ. ಇಷ್ಟು ವರ್ಷಗಳಲ್ಲಿ ಅದು ಮಾಡಿದ ಒಂದೇ ಒಂದು ನೆಟ್ಟಗಿನ ಕೆಲಸವೆಂದರೆ ಒಂದು ನಾಯಿ ಸಾಕಿದ್ದು.

ನಾಯಿಯ ಹೆಸರು ಕಡ್ಡಿ. ಎಷ್ಟು ತಿಂದರೂ ಮೈ ಹಿಡಿಯದ ಕಂದು ಬಣ್ಣದ ಹೆಣ್ಣುನಾಯಿ. ಕಾಡಿನಿಂದ ಊರಿಗೆ ಬರುವ ರಸ್ತೆಯ ತಪಾಸಣೆ ಗೇಟಿನಲ್ಲಿ ಅದಕ್ಕೆ ಕೆಲಸ. ಲಾರಿಗಳ ಸುತ್ತ ಮೂಸಿಕೊಂಡು ಹೋಗುತ್ತದೆ. ಕಡಿಯಬಾರದೆಂದು ಕಾನೂನಿರುವ ಆ ಕೆಂಪು ಮರದ ವಾಸನೆ ಸಿಕ್ಕಿತೋ, ಬೊಗಳುವುದಿಲ್ಲ, ಹಾರಾಡುವುದಿಲ್ಲ, ತಣ್ಣಗೆ ಕುಂಡೆ ಊರಿ ಕೂತುಬಿಡುತ್ತದೆ. ಮೇಲೆ ಈರುಳ್ಳಿ ಮೂಟೆ ಇರಲಿ, ಹಾಸಿಗೆ ಇರಲಿ, ಕಡ್ಡಿ ಕೂತಿತು ಅಂದರೆ ಕೆಳಗೆ ಮರ ಇದೆ ಅಂತಲೇ ಲೆಕ್ಕ. ಆಗ ಅದನ್ನು ನಡೆಸುವವರು ಜೇಬಿನಿಂದ ಒಂದು ರಬ್ಬರ್ ಚೆಂಡು ತೆಗೆದು ಕೊಡಬೇಕು. ಅದೇ ಅದರ ಸಂಬಳ.

ಅದನ್ನು ನಡೆಸುವವಳು ನನ್ನ ತಂಗಿ. ಅವಳು ಅರಣ್ಯ ಇಲಾಖೆಯ ಗಾರ್ಡ್. ಅವಳ ಸಂಬಳ ಇಲಾಖೆಯದು, ನಾಯಿ ಟ್ರಸ್ಟಿನದು. ನಾಯಿಯ ಊಟ, ಔಷಧಿ, ಗೂಡು, ಓಡಾಡುವ ಜೀಪು ಎಲ್ಲ ಟ್ರಸ್ಟಿನ ದಯೆ. ಮಾತು ಕಡಿಮೆ ಅವಳದು. ಮನೆಯ ಮಾತೆಲ್ಲ ನಾನೇ ಮುಗಿಸಿಬಿಟ್ಟೆ ಎಂದು ಅಮ್ಮ ಹೇಳುತ್ತಾಳೆ. ಒಮ್ಮೆ ಗೇಟಿನಲ್ಲಿ ಒಬ್ಬ ದೊಡ್ಡ ಮನುಷ್ಯನ ಗಾಡಿಯ ಹತ್ತಿರ ಕಡ್ಡಿ ಕೂತಿತಂತೆ. ಜೊತೆಗಿದ್ದವರು, "ನಾಯೀನ ಎಳ್ಕೊಂಡು ಹೋಗಮ್ಮಾ, ಕಂಡೂ ಕಾಣದ ಹಾಗೆ ಬಿಟ್ಬಿಡು" ಎಂದರಂತೆ. ಇವಳು ಬಿಡಲಿಲ್ಲ.

"ಯಾಕೇ ಸುಮ್ನೆ ಎದುರು ಹಾಕ್ಕೊಂಡೆ?" ಎಂದು ನಾನು ಬೈದಿದ್ದೆ.

"ಅದು ಸರಿಯಾಗಿ ಕೂತಾಗ ಚೆಂಡು ಕೊಡದೆ ಎಳ್ಕೊಂಡು ಹೋದ್ರೆ ನಾಯಿ ಕೆಡುತ್ತೆ ಅಕ್ಕಾ. ಆಮೇಲೆ ಮರ ಇದ್ರೂ ಕೂರಲ್ಲ. ಕೂತ್ರೆ ಬೈತಾರೆ ಅಂತ ಕಲ್ತುಬಿಡುತ್ತೆ."

"ಹಾಗಾದ್ರೆ ನಮ್ಮ ಆಫೀಸಿಗೆ ಸರಿಹೋಗುತ್ತೆ ಬಿಡು" ಎಂದಿದ್ದೆ ನಾನು.

ಈಗ ಆ ಕಡ್ಡಿಗೇ ಕುತ್ತು ಬಂದಿತ್ತು. ಹೊಸ ಅಧ್ಯಕ್ಷರಿಗೆ ನಾಯಿ ಕಂಡರೆ ಆಗುವುದಿಲ್ಲ. ಊರಿನ ಅತಿ ದೊಡ್ಡ ಪೀಠೋಪಕರಣದ ಅಂಗಡಿ, ಅದರ ಹಿಂದೆ ಒಂದು ಗೋದಾಮು, ಕೈಬೆರಳುಗಳಿಗೆ ಉಂಗುರ, ಯಾವಾಗಲೂ ಆಗತಾನೇ ಊಟ ಮುಗಿಸಿ ಬಂದಂಥ ಮುಖ. ಮರ ಮಾರುವವರನ್ನೇ ಮರ ಉಳಿಸುವ ಟ್ರಸ್ಟಿಗೆ ಅಧ್ಯಕ್ಷರನ್ನಾಗಿ ಮಾಡಿದ್ದೀರಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ ನಿರ್ದೇಶಕರು, "ಅವ್ರಿಗೆ ಮರದ ಬಗ್ಗೆ ಪ್ರೀತಿ ಜಾಸ್ತಿ" ಎಂದಿದ್ದರು. ಅದು ನಿಜವೇ. ಕಟುಕನಿಗೂ ಕುರಿ ಕಂಡರೆ ಪ್ರೀತಿಯೇ.

ಆ ನಿರ್ದೇಶಕರಿಗೆ ನಾನಿಟ್ಟ ಹೆಸರು ಚಪ್ಪಾಳೆರಾಯರು. ವೇದಿಕೆಯ ಮೇಲೆ ಯಾರು ಏನೇ ಹೇಳಲಿ, ಮೊದಲು ತಟ್ಟುವವರು ಅವರು. ಮೈಕು ಸರಿ ಇದೆಯಾ ಎಂದು ನೋಡಲು ಯಾರೋ ‘ಹಲೋ’ ಎಂದದ್ದಕ್ಕೂ ಅವರು ಚಪ್ಪಾಳೆ ತಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ವಾರ್ಷಿಕ ಸಮಾರಂಭದ ಹಿಂದಿನ ದಿನ ಅಧ್ಯಕ್ಷರು ಆಫೀಸಿಗೆ ಬಂದು ಕೂತರು. "ಆ ನಾಯಿಗೆ ಸುಮ್ನೆ ದುಡ್ಡು ಸುರೀತಿದ್ದೀವಿ. ಮರದ ಮೇಲೆ ಒಂದು ಕೈ ಪಾಲಿಶ್ ಹೊಡೆದ್ರೆ ಯಾವ ನಾಯಿಗೂ ಏನೂ ಗೊತ್ತಾಗಲ್ಲ. ನಂಗೆ ಗೊತ್ತಿಲ್ವಾ? ನಾಳೆ ದಾನಿಗಳ ಮುಂದೆ ಒಂದು ಪ್ರದರ್ಶನ ಮಾಡ್ಸಿ. ಚೆನ್ನಾಗಿ ಮಾಡಿದ್ರೆ ಇಟ್ಕೊಳ್ಳೋಣ. ಎಡವಟ್ಟು ಮಾಡ್ತೋ, ನನ್ನ ಗೋದಾಮಿಗೆ ಕೊಟ್ಬಿಡಿ. ಕಟ್ಟಿ ಹಾಕಿದ್ರೆ ಕಾವಲಿಗಾದ್ರೂ ಆಗುತ್ತೆ" ಎಂದರು. ಚಪ್ಪಾಳೆರಾಯರು ಮೇಜಿನ ಮೇಲೇ ಎರಡು ಸಲ ತಟ್ಟಿದರು.

ಕಡ್ಡಿಯನ್ನು ಸರಪಳಿ ಹಾಕಿ ಗೋದಾಮಿನ ಕಂಬಕ್ಕೆ ಕಟ್ಟುತ್ತಾರೆ ಎಂದರೆ ತಂಗಿ ಉಣ್ಣುವುದಿಲ್ಲ, ಮಲಗುವುದಿಲ್ಲ. ಗೇಟು ಮತ್ತೆ ಲಾರಿಗಳ ಪಾಲಾಗುತ್ತದೆ. ಆದರೂ ಬಾಯಿ ಮುಚ್ಚಿಕೊಂಡೆ, ಏಕೆಂದರೆ ಪ್ರದರ್ಶನ ಸಲೀಸಾಗಿತ್ತು. ವೇದಿಕೆಯ ಮೇಲೆ ಸಾಲಾಗಿ ರಟ್ಟಿನ ಡಬ್ಬಗಳು, ಅವುಗಳಲ್ಲಿ ಒಂದರಲ್ಲಿ ಇಲಾಖೆಯ ಮೊಹರಿರುವ ಮಾದರಿ ಚೂರು, ಕಡ್ಡಿ ಬಂದು ಅದರ ಮುಂದೆ ಕೂರಬೇಕು. ಅದು ಕಣ್ಣು ಮುಚ್ಚಿ ಮಾಡುವ ಕೆಲಸ.

ಹೋಗುವಾಗ ಅಧ್ಯಕ್ಷರು ಇನ್ನೊಂದು ಕೃಪೆ ಮಾಡಿದರು. ದಾನಿಗಳಿಗೆ ಕೊಡಲು ಸ್ಮರಣಿಕೆಗಳನ್ನು ತಮ್ಮ ಕೈಯಿಂದಲೇ ಮಾಡಿಸಿ ಕಳಿಸುತ್ತೇನೆ, ಬಿಟ್ಟಿ, ಎಂದರು. ಸಂಜೆ ಬಂದವು. ಅಂಗೈಯಗಲದ ಪುಟ್ಟ ಮರಗಳು. ಕಾಂಡ, ಕೊಂಬೆ, ಎಲೆ ಎಲ್ಲ ಕೆತ್ತಿ ಕನ್ನಡಿಯ ಹಾಗೆ ಪಾಲಿಶ್ ಮಾಡಿದ್ದರು. ಸುಳ್ಳು ಹೇಳಬಾರದು, ಚೆನ್ನಾಗಿದ್ದವು. ನಾನು ಅವನ್ನೆಲ್ಲ ಬಟ್ಟೆಯ ಚೀಲಗಳಿಗೆ ಹಾಕಿ ಒಂದೊಂದು ಕುರ್ಚಿಯ ಕೆಳಗೆ ಒಂದೊಂದು ಇಡಿಸಿದೆ. ಒಂದು ಹೆಚ್ಚಾಗಿ ಉಳಿಯಿತು. ಅಮ್ಮನ ಶೋಕೇಸಿಗೆ ಇರಲಿ ಎಂದು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ.

ಮರುದಿನ ಸಭಾಂಗಣ ತುಂಬಿತ್ತು. ಎ.ಸಿ. ಎಷ್ಟು ಜೋರಾಗಿತ್ತೆಂದರೆ ಮುಂದಿನ ಸಾಲಿನ ಹೆಂಗಸರು ಸೆರಗು ಹೊದ್ದುಕೊಂಡು ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಮಾತಾಡುತ್ತಿದ್ದರು. ಅಧ್ಯಕ್ಷರು ಮರದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಮರವೇ ತಾಯಿ ಎಂದರು, ಮರವೇ ತಂದೆ ಎಂದರು, ಹಾಗೇ ಬಿಟ್ಟಿದ್ದರೆ ಮರವೇ ಸೋದರಮಾವ ಎಂದೂ ಹೇಳುತ್ತಿದ್ದರೇನೋ. ಅಷ್ಟರಲ್ಲಿ ಚಪ್ಪಾಳೆರಾಯರು ತಡೆಯಲಾರದೆ ತಟ್ಟಿಬಿಟ್ಟದ್ದರಿಂದ ಭಾಷಣ ಅಲ್ಲಿಗೆ ಮುಗಿಯಿತು.

ತಂಗಿ ಕಡ್ಡಿಯೊಂದಿಗೆ ಪಕ್ಕದ ಮೆಟ್ಟಿಲಿನಿಂದ ನೇರ ವೇದಿಕೆಗೆ ಬರಬೇಕೆಂದು ನಾವು ಮಾತಾಡಿಕೊಂಡಿದ್ದೆವು. ಕೊನೆಯ ಗಳಿಗೆಯಲ್ಲಿ ಚಪ್ಪಾಳೆರಾಯರು ಅಡ್ಡ ಬಾಯಿ ಹಾಕಿದರು. "ಬೇಡ ಬೇಡ. ಹಿಂದಿನ ಬಾಗಿಲಿಂದ, ಕುರ್ಚಿಗಳ ಮಧ್ಯದಿಂದ ನಡ್ಕೊಂಡು ಬರ್ಲಿ. ಫೋಟೋ ಚೆನ್ನಾಗಿ ಬರುತ್ತೆ."

ಬಂತು. ತಂಗಿ ಇಸ್ತ್ರಿ ಮಾಡಿದ ಖಾಕಿಯಲ್ಲಿ, ಮುಂದೆ ಕಡ್ಡಿ. ಎಲ್ಲರೂ "ಅಯ್ಯೋ ಎಷ್ಟು ಮುದ್ದಾಗಿದೆ" ಎಂದು ಫೋನು ಎತ್ತಿ ಹಿಡಿದರು. ಕಡ್ಡಿ ಹಿಂದಿನ ಸಾಲು ದಾಟುವ ಮುಂಚೆಯೇ ನಿಂತಿತು. ಮೂಗು ಎತ್ತಿತು. ಎಡಗಡೆ ನೋಡಿತು, ಬಲಗಡೆ ನೋಡಿತು. ಒಬ್ಬ ಹಲ್ಲಿನ ಡಾಕ್ಟರ ಕುರ್ಚಿಯ ಹತ್ತಿರ ಹೋಗಿ ತಣ್ಣಗೆ ಕೂತಿತು.

ಜನ ನಕ್ಕರು. "ಡಾಕ್ಟ್ರೇ, ಹಲ್ಲು ತೋರ್ಸೋಕೆ ಬಂದಿದೆ!" ಎಂದು ಯಾರೋ ಕೂಗಿದರು. ತಂಗಿ ನಗಲಿಲ್ಲ. ಜೇಬಿಗೆ ಕೈ ಹಾಕಿದಳು, ಹಾಗೇ ನಿಂತಳು, ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಅಂಥ ಗಾಬರಿಯನ್ನು ನಾನು ನೋಡಿಯೇ ಇರಲಿಲ್ಲ.

"ನೋಡಿದ್ರಾ, ನಾನು ಹೇಳ್ಲಿಲ್ವಾ?" ಅಧ್ಯಕ್ಷರು ವೇದಿಕೆಯಿಂದ ಇಡೀ ಸಭೆಗೆ ಕೇಳುವಂತೆ ಹೇಳಿದರು. "ಮರ ಇರೋದು ಇಲ್ಲಿ, ನಾಯಿ ಕೂತಿರೋದು ಅಲ್ಲಿ! ಏಯ್, ಎಳ್ಕೊಂಡು ಬಾರಮ್ಮ ಅದನ್ನ."

ಚಪ್ಪಾಳೆರಾಯರು ನನ್ನ ಕಿವಿಯ ಹತ್ತಿರ ಬಂದರು. "ನಿಮ್ಮ ತಂಗಿಗೆ ಹೇಳಿ ಮೇಡಂ, ಎಳ್ಕೊಂಡು ಬಂದು ಡಬ್ಬದ ಮುಂದೆ ಕೂರಿಸ್ಲಿ. ಜನಕ್ಕೇನು ಗೊತ್ತಾಗುತ್ತೆ? ನಾನು ತಟ್ತೀನಿ, ಎಲ್ಲ ತಟ್ತಾರೆ. ನಾಯಿ ಉಳಿಯುತ್ತೆ."

ನಾಯಿ ಉಳಿಯುತ್ತಿತ್ತು, ಅದು ನಿಜ. ಪಟ್ಟಿ ಹಿಡಿದು ಒಂದು ಸಲ ಎಳೆದರೆ ಸಾಕಿತ್ತು. ಎಳಿಯೇ, ಮಾರಾಯ್ತಿ, ಎಳಿಯೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕಡ್ಡಿ ಅಲುಗಲಿಲ್ಲ. ತಂಗಿಯ ಮುಖವನ್ನೇ ನೋಡುತ್ತಾ ಕೂತಿತ್ತು. ತಾನು ಹೇಳಬೇಕಾದದ್ದನ್ನು ಹೇಳಿ ಮುಗಿಸಿತ್ತು. ಉಳಿದದ್ದು ಅವಳ ಪಾಲಿನದು.

ತಂಗಿ ಜೇಬಿನಿಂದ ಚೆಂಡು ತೆಗೆದು ಕೊಟ್ಟಳು.

ಸಭೆ ಮತ್ತೆ ನಕ್ಕಿತು. ತಪ್ಪು ಮಾಡಿದ್ದಕ್ಕೆ ಬಹುಮಾನ ಬೇರೆ ಎಂದು ಅಧ್ಯಕ್ಷರು ತೊಡೆ ತಟ್ಟಿಕೊಂಡು ನಕ್ಕರು. ತಂಗಿ ಚೆಂಡು ವಾಪಸ್ ತೆಗೆದುಕೊಂಡು, ಪಟ್ಟಿ ಸಡಿಲ ಬಿಟ್ಟು, "ಹುಡುಕು" ಎಂದಳು. ಕಡ್ಡಿ ಪಕ್ಕದ ಕುರ್ಚಿಗೆ ಹೋಗಿ ಕೂತಿತು. ಚೆಂಡು. ಅದರ ಪಕ್ಕದ ಕುರ್ಚಿಗೆ ಹೋಗಿ ಕೂತಿತು. ಮತ್ತೆ ಚೆಂಡು. ಬ್ಯಾಂಕಿನ ಮ್ಯಾನೇಜರ ಮುಂದೆ ಕೂತಿತು, ವಕೀಲರ ಮುಂದೆ ಕೂತಿತು, ಸೆರಗು ಹೊದ್ದ ಹೆಂಗಸರ ಮುಂದೆ ಕೂತಿತು. ನಗು ಕಡಿಮೆಯಾಯಿತು. ಜನ ಕಾಲು ಮೇಲೆತ್ತಿ ಕೂತರು. "ಹುಚ್ಚು ಗಿಚ್ಚು ಹಿಡಿದಿದೆಯೇನ್ರೀ?" ಎಂದು ಒಬ್ಬಾಕೆ ಕಿರುಚಿದಳು.

ಆಗ ನನ್ನ ಮಂಡೆಗೆ ಹೊಳೆಯಿತು. ಮೆಟ್ಟಿಲಿಳಿದು ಹೋಗಿ ಡಾಕ್ಟರ ಕುರ್ಚಿಯ ಕೆಳಗಿನ ಚೀಲ ಎಳೆದು ಆ ಪುಟ್ಟ ಮರವನ್ನು ತೆಗೆದೆ. ಬುಡದ ಹಸಿರು ಬಟ್ಟೆಯನ್ನು ಉಗುರಿನಿಂದ ಕಿತ್ತೆ. ಅಲ್ಲಿ ಪಾಲಿಶ್ ಇರಲಿಲ್ಲ. ಗೇಟಿನಲ್ಲಿ ತಂಗಿ ನನಗೆ ಎಷ್ಟೋ ಸಲ ತೋರಿಸಿದ ಬಣ್ಣ, ಬೇಯಿಸಿದ ಬೀಟ್‌ರೂಟಿನಂಥ ಕೆಂಪು. ಆಹಾ, ಇವರ ಬುದ್ಧಿಯೇ! ಕಳ್ಳಮರದ ವಿರುದ್ಧ ಸಭೆ ಮಾಡಿ, ಬಂದವರಿಗೆಲ್ಲ ಅದೇ ಕಳ್ಳಮರದಲ್ಲಿ ಕೆತ್ತಿದ ಮರವನ್ನು ಹಂಚುವುದು ಬೇರೆ ಯಾರಿಗೆ ಸಾಧ್ಯ? ಗೋದಾಮಿನ ಮೂಲೆಯಲ್ಲಿ ಬಿದ್ದಿದ್ದ ತುಂಡುಗಳು, ಬಿಸಾಡುವ ಬದಲು ಬಿಟ್ಟಿ ಕೊಟ್ಟು ಹೆಸರು ಮಾಡೋಣ ಎಂಬ ಜಿಪುಣತನ.

ಮೈಕು ನನ್ನ ಕೈಯಲ್ಲೇ ಇತ್ತು. "ನಾಯಿಗೆ ಹುಚ್ಚು ಹಿಡಿದಿಲ್ಲ. ನಿಮ್ಮೆಲ್ಲರ ಕುರ್ಚಿ ಕೆಳಗೂ ಕೆಂಪು ಮರ ಇದೆ. ಚೀಲ ತೆಗೆದು ನೋಡ್ಕೊಳ್ಳಿ" ಎಂದೆ.

ಅಧ್ಯಕ್ಷರ ಮುಖ ಇಂಗು ತಿಂದ ಮಂಗನ ಮುಖವಾಯಿತು. ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವರು ಚಪ್ಪಾಳೆರಾಯರು. ಅವರು ವೇದಿಕೆಯಿಂದ ಓಡಿ ಬಂದು ನನ್ನ ಕೈಯಿಂದ ಮೈಕು ಕಿತ್ತುಕೊಂಡು ಬಾಯ್ತುಂಬ ನಕ್ಕರು.

"ಇದೇ, ಇದೇ ನಮ್ಮ ಇವತ್ತಿನ ವಿಶೇಷ! ನಿಮ್ಗೆ ಯಾರಿಗೂ ಹೇಳದೆ ನಾವೇ ಇಟ್ಟ ಪರೀಕ್ಷೆ ಇದು. ಆ ತುಂಡುಗಳನ್ನ ನಾವೇ ಬೇಕು ಅಂತ ತರಿಸಿ ಇಟ್ಟಿದ್ದು. ನಮ್ಮ ಕಡ್ಡಿ ಪಾಸಾಯ್ತು! ಜೋರಾಗಿ ಚಪ್ಪಾಳೆ!"

ಎಂಥಾ ಚಪ್ಪಾಳೆ ಅಂತೀರಿ! ಮಾಡು ಹಾರಿಹೋಗುವಂತೆ ತಟ್ಟಿದರು. ಮಾನ ಉಳಿಯಿತಲ್ಲ ಎಂಬ ಸಮಾಧಾನಕ್ಕೆ ಎದ್ದು ನಿಂತು ತಟ್ಟಿದರು. ಅಧ್ಯಕ್ಷರ ಮುಖಕ್ಕೂ ಬಣ್ಣ ಬಂತು, "ಹೌದು, ಹೌದು, ಪರೀಕ್ಷೆ" ಎಂದು ಕೈ ಮುಗಿದರು. ನಾಯಿಯನ್ನು ಇಟ್ಟುಕೊಳ್ಳುವುದೆಂದು ಅಲ್ಲೇ ಘೋಷಣೆಯೂ ಆಯಿತು. ನನಗೆ ಮೈಯೆಲ್ಲ ಉರಿಯಿತು. ಆದರೂ ಹಾಳಾಗಿ ಹೋಗಲಿ, ನಾಯಿಯಾದರೂ ಉಳಿಯಿತಲ್ಲ ಎಂದು ಹಲ್ಲು ಕಚ್ಚಿಕೊಂಡು ನಿಂತೆ.

ಚಪ್ಪಾಳೆ ಮುಗಿಯುವಷ್ಟರಲ್ಲಿ ತಂಗಿ ಹಿಂದಿನ ಬಾಗಿಲಿಗೆ ಹೋಗಿದ್ದಳು. ಸಭೆಯವರು ಹೊರಗೆ ಹೋಗಲು ಇದ್ದದ್ದು ಅದೊಂದೇ ಬಾಗಿಲು. ಒಂದು ರೆಕ್ಕೆ ಮುಚ್ಚಿ, ಇನ್ನೊಂದರಲ್ಲಿ ತಾನು ನಿಂತು, ಪಕ್ಕದಲ್ಲಿ ಕಡ್ಡಿಯನ್ನು ನಿಲ್ಲಿಸಿ, ಮಾದರಿ ಚೂರು ತಂದಿದ್ದ ತಗಡಿನ ಪೆಟ್ಟಿಗೆಯ ಬಾಯಿ ತೆರೆದು ಮುಂದಿಟ್ಟಿದ್ದಳು. ಥೇಟು ಅವಳ ಗೇಟಿನ ಹಾಗೆಯೇ.

"ಪರೀಕ್ಷೆಗೆ ಇಟ್ಟ ಮಾದರಿ ಎಲ್ಲ ವಾಪಸ್ ಪೆಟ್ಟಿಗೆಗೆ ಬರ್ಬೇಕು. ಒಂದು ಚೂರೂ ಹೊರಗೆ ಹೋಗೋ ಹಾಗಿಲ್ಲ. ಅದು ನಮ್ಮ ಪದ್ಧತಿ" ಎಂದಳು. ಅಷ್ಟೇ ಅವಳ ಭಾಷಣ.

ಆಗ ನೋಡಬೇಕಿತ್ತು ಕಾಡು ಉಳಿಸುವವರ ಮುಖ! ಅದು ಅಪರೂಪದ ಅಸಲಿ ಮರ ಎಂದು ಗೊತ್ತಾದ ಮೇಲೆ ಯಾರಿಗೂ ಬಿಡಲು ಮನಸ್ಸಿಲ್ಲ. ಒಬ್ಬರು ಚೀಲವನ್ನು ಕೋಟಿನೊಳಗೆ ಸೇರಿಸಿದರು. ಒಬ್ಬಾಕೆ ಮಗುವಿನ ಸ್ವೆಟರಿನಲ್ಲಿ ಸುತ್ತಿದಳು. "ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ ಎಲ್ಲಾದ್ರೂ? ಥೂ, ಮರ್ಯಾದೆ ಇಲ್ದವರು" ಎಂದರು ಡಾಕ್ಟರು. ಕಡ್ಡಿ ಒಬ್ಬೊಬ್ಬರ ಮುಂದೂ ಕೂತಿತು. ಕೋಟು ಬಿಚ್ಚಿಕೊಂಡಿತು, ಸ್ವೆಟರು ಬಿಚ್ಚಿಕೊಂಡಿತು, ಪೆಟ್ಟಿಗೆ ತುಂಬಿತು.

ಅಧ್ಯಕ್ಷರು ಜನರ ನಡುವೆ ನುಸುಳಿ ಹೊರಟಿದ್ದರು. ಕಡ್ಡಿ ಅವರ ಮುಂದೆಯೂ ಕೂತಿತು.

"ನಾನು ಅಧ್ಯಕ್ಷ ಕಣಮ್ಮಾ."

ತಂಗಿ ಪೆಟ್ಟಿಗೆಯನ್ನು ಕಾಲಿನಿಂದ ಅವರ ಕಡೆ ಸ್ವಲ್ಪ ತಳ್ಳಿದಳು.

"ನಾವು ಕೊಟ್ಟಿಲ್ವಾ? ಕೊಟ್ಟು ಹೋಗ್ರೀ!" ಹಿಂದಿನಿಂದ ಹಲ್ಲಿನ ಡಾಕ್ಟರು ಕೂಗಿದರು. ಉಳಿದವರೂ ದನಿಗೂಡಿಸಿದರು. ಅವರಿಗೆ ಕಾಡಿನ ಚಿಂತೆಯೇನೂ ಇರಲಿಲ್ಲ. ತಮ್ಮದು ಹೋಗಿ ಇವರದು ಉಳಿಯುತ್ತದಲ್ಲ ಎಂಬ ಸಂಕಟ. ಅಧ್ಯಕ್ಷರು ಕೋಟಿನ ಎರಡೂ ಜೇಬಿನಿಂದ ಎರಡು ಮರ ತೆಗೆದು ಪೆಟ್ಟಿಗೆಗೆ ಎಸೆದರು.

ತಂಗಿ ಪೆಟ್ಟಿಗೆ ಮುಚ್ಚಿದಳು. ಚಪ್ಪಾಳೆರಾಯರ ಕಡೆ ತಿರುಗಿದಳು. "ಸರ್, ಇಲಾಖೆ ಮೊಹರಿಲ್ಲದೆ ಈ ಮರದ ಚೂರನ್ನೂ ಯಾರೂ ಇಟ್ಕೊಳ್ಳೋ ಹಾಗಿಲ್ಲ. ನಾವೇ ತರಿಸಿದ್ದು ಅಂತ ಮೈಕಿನಲ್ಲಿ ಹೇಳಿದ್ರಿ. ಎಲ್ಲಿಂದ ತರಿಸಿದ್ರಿ?"

ಜೀವಮಾನದಲ್ಲಿ ಮೊದಲ ಸಲ ಚಪ್ಪಾಳೆರಾಯರ ಕೈ ಎರಡೂ ಸುಮ್ಮನಿದ್ದವು. ಆಮೇಲೆ ಒಂದು ಕೈ ಮೆಲ್ಲಗೆ ಎದ್ದಿತು. ಬೆರಳು ಅಧ್ಯಕ್ಷರನ್ನು ತೋರಿಸಿತು. "ಇವ್ರ ಗೋದಾಮಿಂದ ಬಂದಿದ್ದು. ನಂಗೇನೂ ಗೊತ್ತಿಲ್ಲ, ದೇವರಾಣೆ."

ಅಧ್ಯಕ್ಷರು ಕೆಂಡವಾದರು. ಕೋಪ ಬಂದಾಗ ಬುದ್ಧಿ ಇನ್ನಷ್ಟು ಕಡಿಮೆಯಾಗುವ ಜಾತಿ ಅವರದು. "ಸಾಕು ಮಾಡ್ರೀ ಈ ನಾಟಕ! ಪ್ರಾಜೆಕ್ಟ್ ಇವತ್ತಿಗೇ ಬಂದ್. ನಾಯಿ ಟ್ರಸ್ಟಿನದು, ಟ್ರಸ್ಟಿಗೆ ಅಧ್ಯಕ್ಷ ನಾನು. ಈಗ್ಲೇ, ಈ ಕ್ಷಣಾನೇ, ಆ ನಾಯೀನ ನನ್ನ ಗೋದಾಮಿಗೆ ತಂದು ಬಿಡ್ಬೇಕು!"

ತಂಗಿ ಬಗ್ಗಿ ಕಡ್ಡಿಯ ಕಿವಿಯ ಹಿಂದೆ ಒಮ್ಮೆ ಸವರಿದಳು. ಆಮೇಲೆ ನೆಟ್ಟಗೆ ನಿಂತಳು.

"ಆಗ್ಲಿ ಸರ್. ನೀವೇ ಕರೆದ ಮೇಲೆ ಇನ್ನೇನು. ನಾನೇ ಕರ್ಕೊಂಡು ಬರ್ತೀನಿ, ಗೋದಾಮಿನ ಒಳಗೇ ಬಿಡ್ತೀನಿ. ನಡೀರಿ."

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವರಿಗಿಂತ ಮುಂಚೆ ಬಾಗಿಲಲ್ಲಿ ನಿಂತ ಅಷ್ಟೂ ಜನಕ್ಕೆ ಅರ್ಥವಾಯಿತು. ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರ ಹಣೆಯಲ್ಲಿ, ಅಂಥ ಎ.ಸಿ.ಯಲ್ಲೂ, ಬೆವರು ಕಿತ್ತುಕೊಂಡು ಬಂತು.

"ಬೇಡ" ಎಂದರು. "ಬೇಡಮ್ಮಾ. ನಾಯಿ ನಿನ್ನ ಹತ್ರಾನೇ ಇರ್ಲಿ. ನಿಂಗೇ ಕೊಟ್ಬಿಟ್ಟೆ. ಇಲಾಖೆಗೇ ಕೊಟ್ಬಿಟ್ಟೆ. ನನ್ನ ಗೋದಾಮಿನ ಹತ್ರ ಮಾತ್ರ ತರ್ಬೇಡ."

"ಎಲ್ಲರ ಮುಂದೆ ಹೇಳಿದ್ದೀರಿ ಸರ್" ಎಂದಳು ತಂಗಿ. ಆಮೇಲೆ ಫೋನು ತೆಗೆದು ತನ್ನ ಮೇಲಧಿಕಾರಿಗೆ ಗೋದಾಮಿನ ವಿಳಾಸ ಹೇಳಿದಳು.

ಅಧ್ಯಕ್ಷರು ಕುರ್ಚಿ ಹುಡುಕಿ ಕೂತರು. ದಾನಿಗಳು ಅವರನ್ನು ಗುರುತೇ ಇಲ್ಲದವರಂತೆ ದಾಟಿಕೊಂಡು ಊಟದ ಕಡೆ ಹೋದರು. ಚಪ್ಪಾಳೆರಾಯರು ಅವರೆಲ್ಲರಿಗಿಂತ ಮುಂದಿದ್ದರು. ಛೀ, ಎಂಥ ಜನ, ಎಂದು ನನಗೆ ವಾಕರಿಕೆ ಬಂತು. ಹೋಗುವವರಿಗೆಲ್ಲ ಕೇಳಲಿ ಎಂದೇ, "ಕಾಡು ಉಳಿಸ್ತಾರಂತೆ, ಕಾಡು! ಒಂದು ಗೊಂಬೆ ಬಿಡೋಕೆ ಪ್ರಾಣ ಹೋಗುತ್ತೆ ಇವ್ರಿಗೆ. ನಾಚಿಕೆ, ಮಾನ, ಮರ್ಯಾದೆ ಒಂದೂ ಇಲ್ಲ" ಎಂದು ಜೋರಾಗಿ ಅಂದೆ. ಕೆಲಸ ಹೇಗೂ ಹೋಗಿತ್ತು, ಇನ್ನು ಯಾರ ಭಯ?

ದೀಪ ಆರಿಸಿ, ಮೈಕಿನ ವೈರು ಸುತ್ತಿಟ್ಟು, ವ್ಯಾನಿಟಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದೆ. ನಾನೇ ಕೊನೆಯವಳು. ಕಡ್ಡಿ ಈಗ ಗೇಟಿನ ನಾಯಿ, ಯಾರ ದಯೆಯೂ ಬೇಕಿಲ್ಲದ ನಾಯಿ. ಖುಷಿಗೆ ಅದನ್ನು ಮುದ್ದಿಸೋಣ ಎಂದು ಎರಡೂ ಕೈ ಚಾಚಿಕೊಂಡು ಹೋದೆ.

"ನಡಿಯೇ ಮನೆಗೆ. ಎಂಥಾ ದರಿದ್ರ ಜನ ಇವ್ರು, ಅಲ್ವಾ?" ಎಂದೆ ತಂಗಿಗೆ.

ಕಡ್ಡಿ ನನ್ನನ್ನು ಮೂಸಿತು. ಬಾಲ ಅಲ್ಲಾಡಿಸಿತು. ಆಮೇಲೆ ನನ್ನ ಮುಂದೆ ತಣ್ಣಗೆ ಕೂತಿತು.

ತಂಗಿ ನಾಯಿಯನ್ನು ನೋಡಿದಳು, ನನ್ನ ಬ್ಯಾಗನ್ನು ನೋಡಿದಳು, ಕೊನೆಗೆ ನನ್ನ ಮುಖ ನೋಡಿದಳು. ಜೇಬಿನಿಂದ ಚೆಂಡು ತೆಗೆದು ಕಡ್ಡಿಗೆ ಕೊಟ್ಟಳು, ಬಗ್ಗಿ ಪೆಟ್ಟಿಗೆಯ ಮುಚ್ಚಳ ಮತ್ತೆ ತೆರೆದಳು.